ಹಸಿದವರಿಗೆ ಬಾಗಿಲು ತೆರೆದ ಪಂಡಿತಾ ರಮಾಬಾಯಿ

ನಮ್ಮ ಕರ್ತನ ಶ್ರಮಮರಣಗಳನ್ನು ಧ್ಯಾನಿಸುವ ನಾಲ್ವತ್ತು ದಿನಗಳ ಲೆಂಟ್ ಕಾಲದಲ್ಲಿ ಒಂದು ಹೊತ್ತಿನ ಊಟವನ್ನು ಬಿಡುವವರು ನಮ್ಮ ಗ್ರಾಮಸಭೆಗಳಲ್ಲಿ ಅನೇಕರಿದ್ದಾರೆ. ಇದು ಒಳ್ಳೇ ಪದ್ಧತಿಯೇ ಸರಿ. ಆದರೆ ನಾವು ಬಿಟ್ಟ ಊಟವು ಯಾರ ಹೊಟ್ಟೆಯನ್ನು ಸೇರಿತು? ಯೆಶಾಯನ ಗ್ರಂಥದ ಐವತ್ತೆಂಟನೆಯ ಅಧ್ಯಾಯವನ್ನು ಓದಿದವರು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾರರು. ತನ್ನ ಬದುಕಿನಿಂದಲೇ ಇದಕ್ಕೆ ಉತ್ತರ ಕೊಟ್ಟ, ಕನ್ನಡ ಸೀಮೆಯಲ್ಲಿಯೇ ಹುಟ್ಟಿದ ಒಬ್ಬ ತಾಯಿಯ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ಪಂಡಿತಾ ರಮಾಬಾಯಿಯವರು 1858ನೆಯ ಇಸವಿ ಏಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಕಾಡಿನಲ್ಲಿ ಜನಿಸಿದರು. ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಹೆಂಗಸರಿಗೆ ಆ ಭಾಷೆಯನ್ನು ಕಲಿಸಬಾರದೆಂಬ ರೂಢಿಯನ್ನು ಮೀರಿ ಅವರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರಿಗೆ ಕಲಿಸಿದರು. ತಾಯಿಯು ಮಗಳಿಗೆ ಕಲಿಸಿದರು. ಮಗುವಿಗೆ ಆರು ತಿಂಗಳಾದಾಗ ಅದನ್ನು ಬೆತ್ತದ ಬುಟ್ಟಿಯಲ್ಲಿಟ್ಟುಕೊಂಡು ಕುಟುಂಬವೆಲ್ಲಾ ತೀರ್ಥಯಾತ್ರೆಗೆ ಹೊರಟಿತು. ಪುರಾಣವನ್ನೋದಿ ಪಡೆದ ಕಾಣಿಕೆಯೇ ಅವರ ಜೀವನವಾಯಿತು. ವ್ರತಗಳಿಗೂ ದಾನಗಳಿಗೂ ಇದ್ದ ಹಣವೆಲ್ಲಾ ತೀರಿತು. 1870ರ ದಶಕದ ಬರಗಾಲದಲ್ಲಿ ಕಾಡಿನ ಎಲೆಗಳನ್ನು ತಿಂದು ದಿನ ಕಳೆಯಬೇಕಾಯಿತು. ಕೆಲವೇ ತಿಂಗಳುಗಳೊಳಗೆ ತಂದೆಯೂ ತಾಯಿಯೂ ಅಕ್ಕನೂ ಮರಣಹೊಂದಿದರು. ತಾನಾಗಿ ಕೈಕೊಂಡ ಉಪವಾಸವು ಒಂದು, ಮೇಲೆ ಬಿದ್ದ ಹಸಿವು ಮತ್ತೊಂದು ಎಂಬದನ್ನು ರಮಾಬಾಯಿಯವರು ಎಳೆಯ ಪ್ರಾಯದಲ್ಲಿಯೇ ಕಂಡುಕೊಂಡರು.

ಅಂಥ ಹಸಿವನ್ನು ಅದೇ ದಶಕದಲ್ಲಿ ನಮ್ಮ ಸೀಮೆಯೂ ಅನುಭವಿಸಿತು. 1876ರಿಂದ 1878ರ ವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಮಳೆಯು ತಪ್ಪಿ ಮೈಸೂರು ಸಂಸ್ಥಾನವು ಘೋರ ಬರಕ್ಕೆ ತುತ್ತಾಯಿತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮೇಲಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಶಿಡ್ಲಘಟ್ಟವು ಆಗ ಸೇರಿದ್ದ ಕೋಲಾರ ಜಿಲ್ಲೆಯೂ ಬಹಳ ಬಾಧೆಪಟ್ಟಿತು. ಆ ಕಾಲದಲ್ಲಿ ಮಿಸ್ ಆನ್‌ಸ್ಟಿ ಎಂಬ ಮಿಷನರಿ ಸ್ತ್ರೀಯು ಅನಾಥ ಮಕ್ಕಳನ್ನು ಕೋಲಾರದಲ್ಲಿ ಕೂಡಿಸಿ ಸಲಹಿದರು.

ರಮಾಬಾಯಿಯವರಾದರೋ ಉಳಿದ ಒಬ್ಬ ಅಣ್ಣನೊಡನೆ ಕಾಲ್ನಡೆಯಾಗಿ ದೇಶವನ್ನು ಸುತ್ತಿ 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿನ ವಿದ್ವಾಂಸರು ಅವರನ್ನು ಪರೀಕ್ಷಿಸಿ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನು ಕೊಟ್ಟರು. ಅಣ್ಣನು ತೀರಿಹೋದ ಬಳಿಕ 1880ರಲ್ಲಿ ಬೇರೆ ಜಾತಿಯವರಾದ ಬಿಪಿನ್ ಬಿಹಾರಿ ಮೇಧಾವಿ ಎಂಬ ವಕೀಲರನ್ನು ವಿವಾಹವಾದರು. ಎರಡು ವರುಷ ತುಂಬುವದರೊಳಗೆ ಕಾಲರಾ ರೋಗವು ಆ ಗಂಡನನ್ನು ಒಯ್ದಿತು. ಮನೋರಮಾ ಎಂಬ ಕೈಗೂಸಿನೊಡನೆ ವಿಧವೆಯಾಗಿ ನಿಂತಾಗ ಅವರಿಗೆ ಇಪ್ಪತ್ತನಾಲ್ಕು ವರುಷವೂ ತುಂಬಿರಲಿಲ್ಲ.

1883ರಲ್ಲಿ ಅವರು ಇಂಗ್ಲೆಂಡಿಗೆ ಹೋದರು. ಲೋಕವು ಕೆಟ್ಟವರೆಂದು ತಳ್ಳಿಬಿಟ್ಟ ಹೆಂಗಸರನ್ನು ಅಲ್ಲಿನ ಕ್ರೈಸ್ತ ಸಹೋದರಿಯರು ಪ್ರೀತಿಯಿಂದ ಉಪಚರಿಸುವದನ್ನು ಕಂಡು ಬೆರಗಾದರು. ಸಮಾರ್ಯದ ಸ್ತ್ರೀಯೊಡನೆ ಬಾವಿಯ ಬಳಿಯಲ್ಲಿ ಮಾತಾಡಿದ ಯೇಸು ಸ್ವಾಮಿಯ ಚರಿತ್ರೆಯು ಅವರ ಹೃದಯವನ್ನು ಹಿಡಿಯಿತು. ಆ ವರುಷ ಸೆಪ್ಟೆಂಬರಿನಲ್ಲಿ ವಾಂಟೇಜ್ ಎಂಬ ಊರಲ್ಲಿ ಮಗಳೊಡನೆ ದೀಕ್ಷಾಸ್ನಾನ ಹೊಂದಿದರು. 1889ರ ಮಾರ್ಚಿಯಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರು ವರುಷ ಅದು ಪುಣೆಗೆ ಹೋಯಿತು.

1896–97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಂತು. ರಮಾಬಾಯಿಯವರ ಹಳೆಯ ಗಾಯವು ಮತ್ತೆ ನೊಂದಿತು. ಹಣವು ಕೈಸೇರಲೆಂದು ಅವರು ಕಾದು ಕೂತಿರಲಿಲ್ಲ. ತಾವೇ ಹೋಗಿ, ಮರದ ಕೆಳಗೂ ದಾರಿಯ ಬದಿಯಲ್ಲೂ ಬಿದ್ದಿದ್ದ ಹೆಣ್ಣುಮಕ್ಕಳನ್ನು ಎತ್ತಿಕೊಂಡು ಬಂದರು. ಪುಣೆಯ ಹತ್ತಿರ ಕೆಡಗಾವಿನಲ್ಲಿದ್ದ ತಮ್ಮ ಹೊಲದಲ್ಲಿ ಸುಮಾರು 300 ಮಂದಿಗೆ ಆಶ್ರಯ ಕೊಟ್ಟರು. ಅದೇ ಮುಕ್ತಿ ಮಿಷನ್. 1900ರ ಹೊತ್ತಿಗೆ ಅಲ್ಲಿ 1500 ಮಂದಿಯೂ ನೂರಕ್ಕೂ ಹೆಚ್ಚು ದನಗಳೂ ಇದ್ದವು. ಓದು ಬರಹದೊಡನೆ ನೇಯ್ಗೆ, ಬೇಸಾಯ, ಅಚ್ಚಿನ ಕೆಲಸಗಳನ್ನು ಕಲಿಸಿದರು. ಅನ್ನವಿಟ್ಟು ಅಷ್ಟಕ್ಕೇ ನಿಲ್ಲಿಸಲಿಲ್ಲ. ಮತ್ತೊಬ್ಬರ ಮುಂದೆ ಕೈಚಾಚದ ಹಾಗೆ ಅವರ ಕೈಗೆ ಕಸುಬು ಕೊಟ್ಟರು. ನಮ್ಮ ಕಲಬುರಗಿಯಲ್ಲಿಯೂ ಶಾಲೆಯೊಂದನ್ನು ಸ್ಥಾಪಿಸಿದರು.

ಕಡೇ ವರುಷಗಳಲ್ಲಿ ಇಬ್ರಿಯ, ಗ್ರೀಕ್ ಭಾಷೆಗಳನ್ನು ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವಂಥ ಸುಲಭವಾದ ಮರಾಠಿಯಲ್ಲಿ ಸತ್ಯವೇದವನ್ನು ಭಾಷಾಂತರಿಸಿದರು. 1921ರಲ್ಲಿ ಮಗಳು ಮನೋರಮಾ ತೀರಿಹೋದರೂ ಆ ಕೆಲಸವು ನಿಲ್ಲಲಿಲ್ಲ. 1922ನೆಯ ಇಸವಿ ಏಪ್ರಿಲ್ 5ರಂದು ರಮಾಬಾಯಿಯವರು ಕರ್ತನಲ್ಲಿ ನಿದ್ರೆಹೋದರು. ಅದು ಲೆಂಟ್ ಕಾಲದ ಒಂದು ಬುಧವಾರ. ಪುನರುತ್ಥಾನದ ಹಬ್ಬಕ್ಕೆ ಇನ್ನು ಹನ್ನೊಂದು ದಿನಗಳಿದ್ದವು.

ಪ್ರಿಯರೇ, ಇಂದು ಶಿಡ್ಲಘಟ್ಟವು ರೇಷ್ಮೆಗೆ ಹೆಸರಾದ ಊರು. ಗೂಡಿನ ಮಾರುಕಟ್ಟೆಯೂ ನೂಲು ಬಿಚ್ಚುವ ಕೆಲಸವೂ ಅನೇಕ ಮನೆಗಳಿಗೆ ಅನ್ನವನ್ನು ಕೊಡುತ್ತವೆ. ಕುದಿಯುವ ನೀರಿನಿಂದ ಎಳೆ ತೆಗೆಯುವ ಕೈಗಳು ಬೊಬ್ಬೆಯೇಳುವದನ್ನು ನಾವೆಲ್ಲರೂ ಬಲ್ಲೆವು. ಜೀತಪದ್ಧತಿಯನ್ನು 1976ರ ಕಾನೂನು ರದ್ದುಮಾಡಿತು. ಆದರೂ ಮುಂಗಡದ ಸಾಲಕ್ಕಾಗಿ ಮಗುವಿನ ಶಾಲೆಯನ್ನು ಬಿಡಿಸಬೇಕೆಂಬ ಯೋಚನೆ ಬಡವನ ಮನೆಯೊಳಗೆ ಬಂದಾಗ, ಅವನ ಬಾಗಿಲಿಗೆ ಮೊದಲು ಹೋಗತಕ್ಕವರು ಯಾರು? ಸಭೆಯವರಾದ ನಾವೇ ಅಲ್ಲವೇ?

ಆದಕಾರಣ ಈ ಲೆಂಟಿನಲ್ಲಿ ಊಟ ಬಿಟ್ಟ ದಿವಸ ಆ ಹೊತ್ತಿನ ರಾಗಿಯನ್ನು ಅಳೆದು ಬೇರೆ ಗಡಿಗೆಯಲ್ಲಿ ಹಾಕಿಡೋಣ. ವಾರದ ಕಡೆಯಲ್ಲಿ ಅದನ್ನು ವಿಧವೆಯ ಮನೆಗೂ ಸಾಲಗಾರನ ಮನೆಗೂ ನಾವೇ ಹೊತ್ತುಕೊಂಡು ಹೋಗೋಣ. ಅವರ ಜಾತಿಮತಗಳನ್ನು ಕೇಳದಿರೋಣ. ಕೂಲಿಯವರನ್ನು ಇಟ್ಟುಕೊಂಡಿರುವವರು ಬಾಕಿಯಿರುವ ಕೂಲಿಯನ್ನು ಶುಭ ಶುಕ್ರವಾರದೊಳಗೆ ಎಣಿಸಿಕೊಡಲಿ. ಎಲೆ ತಿಂದು ಬದುಕಿದ ಒಬ್ಬ ಹುಡುಗಿಯು ಸಾವಿರಾರು ಮಂದಿಗೆ ಊಟವಿಟ್ಟಳಲ್ಲಾ. ರಾಗಿಯಿರುವ ನಾವು ಒಂದು ಮನೆಗಾದರೂ ಇಡಲಾರೆವೋ?