ಎಂಜಿನಿಯರಿಂಗ್ ತೊರೆದು ನಾಡಿನ ದನಿಯಾದ ಯಾನ್ ಯೋಹಾನ್ಸನ್

ಸ್ವೀಡನ್ನಿಗೆ ಬರಲು ಅಣಿಯಾಗುತ್ತಿರುವ ತರುಣರು ನನ್ನನ್ನು ಕೇಳುವುದು ಹೆಚ್ಚಾಗಿ ಭಾಷೆ, ಚಳಿ, ಮನೆಬಾಡಿಗೆಗಳನ್ನು ಕುರಿತು. ಇಲ್ಲಿನ ಜನರ ಮನಸ್ಸನ್ನು ಅರಿಯುವುದು ಹೇಗೆಂದು ಕೇಳುವವರು ವಿರಳ. ಹಾಗೆ ಕೇಳಿದವರಿಗೆ ನಾನು ಒಂದು ಧ್ವನಿಮುದ್ರಿಕೆಯನ್ನು ಸೂಚಿಸುತ್ತೇನೆ. ಅದರಲ್ಲಿ ಒಂದು ಪದವೂ ಇಲ್ಲ. ಆದ್ದರಿಂದ ಸ್ವೀಡಿಷ್ ಕಲಿಯುವ ಮೊದಲೇ ಅದನ್ನು ಆಲಿಸಬಹುದು. ಅದೇ 1964ರಲ್ಲಿ ಹೊರಬಂದ 'ಜಾಸ್ ಪೊ ಸ್ವೆನ್ಸ್ಕ', ಅಂದರೆ ಸ್ವೀಡಿಷ್‌ನಲ್ಲಿ ಜಾಸ್. ಅದರ ಕರ್ತೃ ಯಾನ್ ಯೋಹಾನ್ಸನ್.

ಅವರು ಜನಿಸಿದ್ದು 1931ರ ಸೆಪ್ಟೆಂಬರ್ 16ರಂದು, ಸೋದರ್‌ಹಮ್ನ್ ಎಂಬ ಸಣ್ಣ ಪಟ್ಟಣದಲ್ಲಿ. ಬಾಲ್ಯದಲ್ಲಿ ಶಾಸ್ತ್ರೀಯ ಪಿಯಾನೊ ಅಭ್ಯಾಸ ಮಾಡಿದರು. ಗಿಟಾರ್, ಆರ್ಗನ್, ಅಕಾರ್ಡಿಯನ್‌ಗಳನ್ನೂ ಕೈವಶ ಮಾಡಿಕೊಂಡರು. ಹದಿಹರೆಯದಲ್ಲಿ ಜಾಸ್ ಅವರನ್ನು ಸೆಳೆಯಿತು. ಆದರೂ ಅವರು ಹಿಡಿದದ್ದು ನಮ್ಮ ತಂದೆತಾಯಿಯರು ಮೆಚ್ಚುವ ಮಾರ್ಗವನ್ನೇ. ಗೋಥೆನ್‌ಬರ್ಗ್‌ನ ಚಾಲ್ಮರ್ಸ್ ಸಂಸ್ಥೆಯಲ್ಲಿ ವಿದ್ಯುತ್ ಎಂಜಿನಿಯರಿಂಗ್ ಓದತೊಡಗಿದರು. ಇಂದು ನಮ್ಮ ಮಕ್ಕಳು ಸ್ನಾತಕೋತ್ತರ ಪದವಿಗಾಗಿ ಅರ್ಜಿ ಹಾಕುವ ಸಂಸ್ಥೆಯೂ ಇದೇ. ಅವರು ಆ ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟು ಸಂಗೀತಕ್ಕೆ ಮುಡಿಪಾದರು. ಅಮೆರಿಕದ ಹೆಸರಾಂತ ಸ್ಯಾಕ್ಸೊಫೋನ್ ವಾದಕ ಸ್ಟಾನ್ ಗೆಟ್ಜ್ ಅವರಿಗೆ ಸಾಥಿ ನೀಡಿದರು.

ಅಮೆರಿಕದ ಜಾಸ್‌ನಲ್ಲಿ ಪಳಗಿದ ಬೆರಳುಗಳು ಮರಳಿದ್ದು ಊರಿನ ಹಳೆಯ ಜನಪದ ಮಟ್ಟುಗಳಿಗೆ. ದನಗಾಹಿಗಳ ಕರೆ, ಮದುವೆ ಮೆರವಣಿಗೆಯ ವಾದ್ಯ, ಹಳ್ಳಿಯ ಕುಣಿತ ಎಲ್ಲವೂ ಅಲ್ಲಿವೆ. ನಮ್ಮ ಬೀಸುಕಲ್ಲಿನ ಪದವೊಂದನ್ನು ಯಾರಾದರೂ ಅಲಂಕಾರವಿಲ್ಲದೆ, ಸಾವಧಾನವಾಗಿ, ಸ್ವರಸ್ವರವನ್ನೂ ತೂಗಿ ನುಡಿಸಿದಂತೆ ಅವರು ನುಡಿಸಿದರು. ಪಿಯಾನೊ ಮತ್ತು ಡಬಲ್ ಬಾಸ್, ಇವೆರಡೇ ವಾದ್ಯಗಳು. ಎರಡೂವರೆ ಲಕ್ಷಕ್ಕೂ ಮಿಕ್ಕಿ ಪ್ರತಿಗಳು ಮಾರಾಟವಾಗಿ, ಅದು ಸ್ವೀಡನ್ನಿನ ಅತ್ಯಂತ ಜನಪ್ರಿಯ ಜಾಸ್ ಮುದ್ರಿಕೆಯೆನಿಸಿತು.

ಇಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಮುದ್ರಿಕೆಯ ಒಂದು ರಚನೆಯ ಹೆಸರು ವಲಸಿಗರ ಹಾಡು. ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದ ಮೊದಲ್ಗೊಂಡು ಹತ್ತು ಲಕ್ಷಕ್ಕೂ ಹೆಚ್ಚು ಸ್ವೀಡಿಷರು ಅಮೆರಿಕಕ್ಕೆ ತೆರಳಿದ್ದರು. ಊರು ಬಿಟ್ಟವರ ನೋವು ಈ ನಾಡಿಗೆ ಹೊಸದಲ್ಲ. ಇನ್ನೊಂದು, ಬಾಸ್ ನುಡಿಸಿದ ಗೇಯೋರ್ಗ್ ರೀಡೆಲ್ ಹುಟ್ಟಿದ್ದು ಚೆಕೊಸ್ಲೊವಾಕಿಯಾದಲ್ಲಿ. ಬಾಲ್ಯದಲ್ಲಿಯೇ ನಿರಾಶ್ರಿತರಾಗಿ ಇಲ್ಲಿಗೆ ಬಂದವರು. ಸ್ವೀಡಿಷರು ತಮ್ಮದೆಂದು ಎದೆಗಪ್ಪಿಕೊಂಡ ಈ ನಾದದ ಅರ್ಧಭಾಗ ಹೊರಗಿನಿಂದ ಬಂದ ಮಗುವಿನದು.

ಯೋಹಾನ್ಸನ್ ಮಕ್ಕಳಿಗಾಗಿಯೂ ಸಂಗೀತ ರಚಿಸಿದರು. ಆಸ್ಟ್ರಿಡ್ ಲಿಂಡ್‌ಗ್ರೆನ್ ಅವರ ಪಿಪ್ಪಿ ಕಥೆಗಳ ದೂರದರ್ಶನ ಧಾರಾವಾಹಿಯ ಶೀರ್ಷಿಕೆ ಗೀತೆಗೆ ರಾಗ ಹಾಕಿದವರು ಅವರೇ. ಆದರೆ 1969ರಲ್ಲಿ ಅದು ಪ್ರಸಾರಗೊಂಡಾಗ ಅವರು ಬದುಕಿರಲಿಲ್ಲ. 1968ರ ನವೆಂಬರ್ 9ರಂದು, ಯೋನ್‌ಶೋಪಿಂಗ್‌ನ ಚರ್ಚೊಂದರ ಕಛೇರಿಗೆ ಹೊರಟಿದ್ದಾಗ, ರಸ್ತೆ ಅಪಘಾತದಲ್ಲಿ ಮಡಿದರು. ಆಗ ವಯಸ್ಸು ಕೇವಲ 37.

ವೈದ್ಯನಾಗಿ ನಾನು ಬಲ್ಲೆ, ಮೂವತ್ತೇಳು ಎಷ್ಟು ಅಲ್ಪ ಆಯುಸ್ಸೆಂದು. ಚಾಲ್ಮರ್ಸ್ ಪದವಿ ಮುಗಿಸಿದ್ದರೆ ಅವರು ಒಳ್ಳೆಯ ಎಂಜಿನಿಯರ್ ಆಗುತ್ತಿದ್ದರೇನೋ. ಮಕ್ಕಳನ್ನು ಇಲ್ಲಿಗೆ ಕಳುಹಿಸುವ ಹಿರಿಯರಲ್ಲಿ ನನ್ನದೊಂದು ವಿನಂತಿ: ಅವರ ಪೆಟ್ಟಿಗೆಯಲ್ಲಿ ಪ್ರಮಾಣಪತ್ರಗಳ ಜೊತೆ ಕೊಳಲೊಂದಿದ್ದರೆ ಅದನ್ನು ತೆಗೆದಿಡಬೇಡಿ. ಪರದೇಶದ ದೀರ್ಘ ಚಳಿಗಾಲದಲ್ಲಿ ಅವರಿಗೆ ಅದೂ ಬೇಕಾಗುತ್ತದೆ.