ಅರ್ಥಶಾಸ್ತ್ರದ ಶಾಮಶಾಸ್ತ್ರಿಗಳು

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಡದ ಮೇಲೆ, ರುದ್ರಪಟ್ಟಣವೆಂಬ ಊರಿದೆ. ಸಂಗೀತ ವಿದ್ವಾಂಸರ ಊರೆಂದು ಅದು ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಆ ಊರಿನ ಹೆಸರನ್ನು ಬೇರೊಂದು ದಾರಿಯಿಂದ ದೂರದೇಶಗಳವರೆಗೆ ಕೊಂಡೊಯ್ದವರು ಆರ್. ಶಾಮಶಾಸ್ತ್ರಿಗಳು. 1868ರಲ್ಲಿ ಅವರು ಅಲ್ಲಿ ಜನಿಸಿದರು. ಊರಿನಲ್ಲಿ ಮೊದಲ ಪಾಠಗಳನ್ನು ಮುಗಿಸಿ ಮೈಸೂರಿಗೆ ಬಂದು, ಸಂಸ್ಕೃತ ಪಾಠಶಾಲೆಯಲ್ಲಿ ಓದಿ ವಿದ್ವತ್ ಪದವಿಯನ್ನು ಪಡೆದರು. ಅಷ್ಟಕ್ಕೆ ತೃಪ್ತರಾಗದೆ ಇಂಗ್ಲಿಷ್ ವಿದ್ಯಾಭ್ಯಾಸವನ್ನೂ ಕೈಗೊಂಡು 1889ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವೀಧರರಾದರು. ಆ ಕಾಲದಲ್ಲಿ ಸಂಸ್ಕೃತ ಬಲ್ಲ ಪಂಡಿತರಿಗೆ ಇಂಗ್ಲಿಷ್ ಬಾರದು, ಇಂಗ್ಲಿಷ್ ಕಲಿತವರಿಗೆ ತಾಳೆಯೋಲೆಯನ್ನು ಓದಲು ತಿಳಿಯದು. ಎರಡು ವಿದ್ಯೆಗಳೂ ಒಬ್ಬರಲ್ಲಿ ಕೂಡಿದುದೇ ಮುಂದಿನ ದೊಡ್ಡ ಕಾರ್ಯಕ್ಕೆ ಅಡಿಪಾಯವಾಯಿತು.

ಮೈಸೂರಿನಲ್ಲಿ 1891ರಲ್ಲಿ ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ ಓರಿಯಂಟಲ್ ಲೈಬ್ರರಿ ಎಂಬ ಪ್ರಾಚ್ಯ ಪುಸ್ತಕ ಭಂಡಾರ ಸ್ಥಾಪನೆಯಾಗಿತ್ತು. ಮನೆಗಳ ಅಟ್ಟದಲ್ಲಿ ಹುಳುಹಿಡಿದು ನಾಶವಾಗುತ್ತಿದ್ದ ಓಲೆಗ್ರಂಥಗಳನ್ನು ಸಂಗ್ರಹಿಸಿ, ಶೋಧಿಸಿ, ಮುದ್ರಿಸುವುದು ಅದರ ಉದ್ದೇಶ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಪ್ರೋತ್ಸಾಹದಿಂದ ಶಾಮಶಾಸ್ತ್ರಿಗಳು ಅಲ್ಲಿ ಗ್ರಂಥಪಾಲಕರಾಗಿ ಸೇರಿದರು. ಕೆಲಸ ಸದ್ದಿಲ್ಲದ್ದು, ಬಂದ ಓಲೆಯ ಕಟ್ಟನ್ನು ಬಿಚ್ಚಿ, ಧೂಳೊರೆಸಿ, ಅದರಲ್ಲೇನಿದೆಯೆಂದು ಗುರುತಿಸಿ ಪಟ್ಟಿಯಲ್ಲಿ ಸೇರಿಸುವುದು.

ಹೀಗೆ ಬಂದ ಕಟ್ಟುಗಳಲ್ಲಿ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಂದೊಪ್ಪಿಸಿದ ಕಟ್ಟೊಂದಿತ್ತು. ಅದು ಗ್ರಂಥಲಿಪಿಯಲ್ಲಿದ್ದ ಸಂಸ್ಕೃತ ಕೃತಿ. ಭಟ್ಟಸ್ವಾಮಿಯೆಂಬಾತನ ವ್ಯಾಖ್ಯಾನದ ತುಣುಕೊಂದೂ ಅದರೊಡನೆ ಇತ್ತು. 1905ರ ವೇಳೆಗೆ ಶಾಮಶಾಸ್ತ್ರಿಗಳು ಆ ಓಲೆಗಳನ್ನು ಓದಿ, ಇದು ಕೌಟಿಲ್ಯನ ಅರ್ಥಶಾಸ್ತ್ರವೇ ಎಂದು ಅರಿತರು.

ಈ ಅರಿವು ಸುಲಭವಾಗಿ ದೊರೆತದ್ದಲ್ಲ. ಚಾಣಕ್ಯನ ಕಥೆ ಮುದ್ರಾರಾಕ್ಷಸ ನಾಟಕದಿಂದ ಎಲ್ಲರಿಗೂ ತಿಳಿದಿತ್ತು. ಆತನ ರಾಜನೀತಿ ಗ್ರಂಥ ಆರು ಸಾವಿರ ಶ್ಲೋಕಗಳಷ್ಟು ವಿಸ್ತಾರವಾದುದೆಂದು ದಂಡಿ ಹೇಳಿದ್ದನು. ಬಾಣ ಅದನ್ನು ಹಳಿದಿದ್ದನು. ಕಾಮಂದಕ ಅದನ್ನೇ ಆಧಾರವಾಗಿಟ್ಟುಕೊಂಡು ಗ್ರಂಥ ಬರೆದಿದ್ದನು. ಆದರೆ ಮೂಲಕೃತಿ ಮಾತ್ರ ವಿದ್ವಲ್ಲೋಕದ ಕಣ್ಣಿಗೆ ಬಿದ್ದಿರಲಿಲ್ಲ. ಬೇರೆ ಬೇರೆ ಕವಿಗಳೂ ವ್ಯಾಖ್ಯಾನಕಾರರೂ ಉದಾಹರಿಸಿದ್ದ ಮಾತುಗಳನ್ನು ಶಾಮಶಾಸ್ತ್ರಿಗಳು ಈ ಓಲೆಗಳೊಡನೆ ಹೋಲಿಸಿ ನೋಡಿ ಸಂಶಯವನ್ನು ನಿವಾರಿಸಿದರು. ಅವರು ಅರ್ಥಶಾಸ್ತ್ರವನ್ನು ಕಂಡುಹಿಡಿದರು ಎಂದು ಹೇಳುವುದು ವಾಡಿಕೆ. ಓದಿ ಗುರುತಿಸಿದರು ಎಂದರೆ ಇನ್ನೂ ಸರಿಯಾದೀತು. ಓಲೆಯ ಮೇಲೆ ಪದಗಳ ನಡುವೆ ಬಿಡುವಿಲ್ಲ. ಅಕ್ಷರ ಮುಕ್ಕಾದ ಕಡೆ ಊಹೆಯೇ ಗತಿ. ಗಣಿ, ನಾಣ್ಯ, ತೂಕ, ಸುಂಕ, ನೇಯ್ಗೆ, ಆನೆಗಳ ಪಾಲನೆ ಇವುಗಳಿಗೆ ಸಂಬಂಧಿಸಿದ ನೂರಾರು ಪಾರಿಭಾಷಿಕ ಪದಗಳು ಕಾವ್ಯ ಓದಿದವರಿಗೆ ಪರಿಚಯವಿಲ್ಲದವು. ಪಾಠಹೇಳುವ ಗುರುಪರಂಪರೆಯೂ ಉಳಿದಿರಲಿಲ್ಲ.

ಈ ಗ್ರಂಥದ ಬೆಲೆಯನ್ನು ತಿಳಿಯಲು ಅಂದಿನ ಕಾಲವನ್ನು ನೆನೆಯಬೇಕು. ಜೇಮ್ಸ್ ಮಿಲ್ ಎಂಬ ಇಂಗ್ಲೆಂಡಿನ ಲೇಖಕ ಭಾರತಕ್ಕೆ ಒಮ್ಮೆಯೂ ಕಾಲಿಡದೆ 1817ರಲ್ಲಿ ಬ್ರಿಟಿಷ್ ಇಂಡಿಯಾದ ಇತಿಹಾಸವನ್ನು ಪ್ರಕಟಿಸಿದ್ದನು. ಇಲ್ಲಿಯ ಜನರಿಗೆ ನಿರಂಕುಶ ಪ್ರಭುತ್ವವಲ್ಲದೆ ಬೇರೆ ಆಡಳಿತ ತಿಳಿಯದೆಂಬುದು ಅದರ ಧೋರಣೆ. ಕಂಪನಿಯ ಸೇವೆಗೆ ಬರುವ ತರುಣರು ಇಂಗ್ಲೆಂಡಿನಲ್ಲಿ ಅದನ್ನು ಓದಿ ಇಲ್ಲಿಗೆ ಬರುತ್ತಿದ್ದರು. ಸಂಸ್ಕೃತವನ್ನು ಪ್ರೀತಿಸಿದ ಮ್ಯಾಕ್ಸ್ ಮುಲ್ಲರನೂ ಭಾರತೀಯರು ತತ್ತ್ವಚಿಂತಕರೇ ಹೊರತು ರಾಜಕೀಯ ಇತಿಹಾಸದಲ್ಲಿ ಅವರಿಗೆ ಸ್ಥಾನವಿಲ್ಲವೆಂಬ ಅಭಿಪ್ರಾಯವನ್ನು ಬರೆದಿಟ್ಟಿದ್ದನು. ಪರಲೋಕವನ್ನೇ ಚಿಂತಿಸುವ ಜನಕ್ಕೆ ಇಹಲೋಕದ ಆಡಳಿತವನ್ನು ಪರರು ನಡೆಸಿಕೊಡಬೇಕೆಂಬ ವಾದಕ್ಕೆ ಇಂಥ ಹೊಗಳಿಕೆಯೂ ಒತ್ತಾಸೆಯಾಯಿತು. 1905 ಬಂಗಾಳದ ವಿಭಜನೆಯ ವರ್ಷ. ಸ್ವದೇಶಿ ಚಳವಳಿ ದೇಶದಲ್ಲಿ ಹಬ್ಬುತ್ತಿದ್ದ ವರ್ಷ. ಅದೇ ಸಮಯಕ್ಕೆ ಮೈಸೂರಿನ ಗ್ರಂಥಪಾಲಕರೊಬ್ಬರು ಇಹಲೋಕವನ್ನಲ್ಲದೆ ಬೇರೇನನ್ನೂ ಹೆಚ್ಚಾಗಿ ಮಾತನಾಡದ ಒಂದು ಪ್ರಾಚೀನ ಗ್ರಂಥವನ್ನು ಹೊರತೆಗೆದರು.

ಅದರಲ್ಲಿ 15 ಅಧಿಕರಣಗಳೂ 150 ಅಧ್ಯಾಯಗಳೂ ಇವೆ. ರಾಜ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ಏಳು ಅಂಗಗಳು ಸೇರಿ ರಾಜ್ಯವಾಗುವುದೆಂದು ಕೌಟಿಲ್ಯನ ಮತ. ಅರಸನು ಏಳರಲ್ಲಿ ಒಂದು ಅಂಗ ಮಾತ್ರ. ದುರ್ಗಗಳ ಭೇದಗಳಲ್ಲಿ ಪರ್ವತದುರ್ಗವೂ ಒಂದು. ಮಧುಗಿರಿಯ ಬಂಡೆಗಲ್ಲಿನ ಕೋಟೆಯನ್ನು ಹತ್ತಿ ನೋಡಿದವರಿಗೆ ಅದರ ವಿವರಣೆ ಬೇಕಾಗಿಲ್ಲ. ಕೆರೆಗಳ ವಿಷಯದಲ್ಲಂತೂ ಕೌಟಿಲ್ಯನ ಕಟ್ಟಳೆ ಬಹು ಸ್ಪಷ್ಟ. ಹೊಸದಾಗಿ ಕೆರೆ ಕಟ್ಟಿಸಿದವರಿಗೆ 5 ವರ್ಷ, ಒಡೆದು ಪಾಳುಬಿದ್ದುದನ್ನು ಮರಳಿ ಕಟ್ಟಿಸಿದವರಿಗೆ 4 ವರ್ಷ, ಕಳೆ ಬೆಳೆದು ಮುಚ್ಚಿದುದನ್ನು ಸ್ವಚ್ಛಗೊಳಿಸಿದವರಿಗೆ 3 ವರ್ಷ ತೆರಿಗೆಯ ವಿನಾಯಿತಿ. ಶಿರಾ ಸೀಮೆಯ ಮದಲೂರಿನಂತೆ ಕೆರೆಯನ್ನೇ ನಂಬಿದ ಊರಿನ ಮಕ್ಕಳಿಗೆ ಈ ಮಾತಿನ ಮಹತ್ವ ಬೇಗನೆ ಹೊಳೆದೀತು. ಇದೇ ಗ್ರಂಥದಲ್ಲಿ ಗೂಢಚಾರರ ಜಾಲ, ವಿಷಪ್ರಯೋಗ, ಕಪಟೋಪಾಯಗಳೂ ಇವೆ ಎಂಬುದನ್ನು ಮರೆಮಾಚಬೇಕಾಗಿಲ್ಲ, ಶಾಮಶಾಸ್ತ್ರಿಗಳೂ ಮರೆಮಾಚಲಿಲ್ಲ.

ಇಂಗ್ಲಿಷ್ ಅನುವಾದದ ಭಾಗಗಳು ಮೊದಲು ಪತ್ರಿಕೆಗಳಲ್ಲಿ ಬಂದವು. 1909ರಲ್ಲಿ ಮೂಲಗ್ರಂಥವೂ, 1915ರಲ್ಲಿ ಪೂರ್ಣ ಅನುವಾದವೂ ಪ್ರಕಟವಾದವು. ಕನ್ನಡ ನಾಡಿನ ಶಾಸನಗಳ ಅಧ್ಯಯನದಿಂದ ಹೆಸರಾಗಿದ್ದ ಜೆ. ಎಫ್. ಫ್ಲೀಟ್ ಅನುವಾದಕ್ಕೆ ಮುನ್ನುಡಿ ಬರೆದನು. 1919ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ರಾಜಕಾರಣವನ್ನು ಕುರಿತು ಉಪನ್ಯಾಸ ಮಾಡಿದ ಮ್ಯಾಕ್ಸ್ ವೇಬರ್, ಕೌಟಿಲ್ಯನ ನಿರ್ದಾಕ್ಷಿಣ್ಯದ ಎದುರಿಗೆ ಇಟಲಿಯ ಮೆಕಿಯವೆಲ್ಲಿ ನಿರುಪದ್ರವಿಯೆಂಬ ಭಾವವನ್ನು ವ್ಯಕ್ತಪಡಿಸಿದನು. ಮೈಸೂರಿನಲ್ಲಿ ಅಚ್ಚಾಗಿ ಹತ್ತು ವರ್ಷಗಳೊಳಗಾಗಿ ಗ್ರಂಥದ ಕೀರ್ತಿ ಅಷ್ಟು ದೂರ ಹೋಗಿತ್ತು. ಜರ್ಮನಿಗೆ ಹೋಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರನ್ನು ಅಲ್ಲಿಯ ವಿದ್ವಾಂಸರೊಬ್ಬರು ಶಾಮಶಾಸ್ತ್ರಿಗಳ ಮೈಸೂರಿನವರೇ ತಾವು ಎಂಬರ್ಥದಲ್ಲಿ ವಿಚಾರಿಸಿದರೆಂಬ ಕಥೆಯನ್ನು ಮೈಸೂರಿನ ಹಿರಿಯರು ಹೇಳುವುದುಂಟು.

ಮೊದಲು ದಾರಿ ಕಡಿದವರ ಹೆಜ್ಜೆಯಲ್ಲಿ ತಪ್ಪುಗಳಿರುವುದು ಸಹಜ. ಮುಂದೆ ಕೇರಳದ ಹಸ್ತಪ್ರತಿಗಳ ನೆರವಿನಿಂದ ಟಿ. ಗಣಪತಿ ಶಾಸ್ತ್ರಿಗಳೂ, ಜರ್ಮನಿಯ ಯೋಲಿ ಮತ್ತು ಮಾಯರ್ ಅವರೂ, 1960ರ ದಶಕದಲ್ಲಿ ಮುಂಬಯಿಯ ಆರ್. ಪಿ. ಕಾಂಗ್ಲೆಯವರೂ ಅನೇಕ ಪಾಠಗಳನ್ನೂ ಅರ್ಥಗಳನ್ನೂ ತಿದ್ದಿದರು. ಶಾಮಶಾಸ್ತ್ರಿಗಳೇ ಮುಂದಿನ ಮುದ್ರಣಗಳಲ್ಲಿ ತಮ್ಮ ಕೃತಿಯನ್ನು ಪರಿಷ್ಕರಿಸಿದರು. ಇದು ಚಂದ್ರಗುಪ್ತ ಮೌರ್ಯನ ಮಂತ್ರಿಯ ಕೃತಿಯೆಂದು ಅವರು ನಂಬಿದ್ದರು. ಹಲವು ಕೈಗಳಿಂದ, ಶತಮಾನಗಳ ನಂತರ ಈ ರೂಪಕ್ಕೆ ಬಂದುದೆಂದು ಇಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಹೀಗೆ ವಾದಿಸುವವರೂ ಶಾಮಶಾಸ್ತ್ರಿಗಳು ಅಚ್ಚುಹಾಕಿಸಿದ ಪುಟದಿಂದಲೇ ಹೊರಡಬೇಕಾಯಿತು. 1924–25ರಲ್ಲಿ ಅವರು ಮೂರು ಸಂಪುಟಗಳಲ್ಲಿ ಸಿದ್ಧಪಡಿಸಿದ ಪದಸೂಚಿ ಬೇಸರವರಿಯದ ಶ್ರಮಕ್ಕೆ ಸಾಕ್ಷಿ.

ಕಲ್ಕತ್ತ ವಿಶ್ವವಿದ್ಯಾನಿಲಯದಲ್ಲಿ ಭಾರತೀಯ ರಾಜ್ಯವ್ಯವಸ್ಥೆಯ ವಿಕಾಸವನ್ನು ಕುರಿತು ಅವರು ಮಾಡಿದ ಉಪನ್ಯಾಸಗಳು 1920ರಲ್ಲಿ ಗ್ರಂಥವಾದವು. ಮರುವರ್ಷ ಅದೇ ವಿಶ್ವವಿದ್ಯಾನಿಲಯ ಅವರಿಗೆ ಡಾಕ್ಟರೇಟ್ ನೀಡಿತು. ಮಹಾಮಹೋಪಾಧ್ಯಾಯ ಬಿರುದೂ ದೊರೆಯಿತು. ಆರ್. ನರಸಿಂಹಾಚಾರ್ಯರ ತರುವಾಯ ಮೈಸೂರು ಸಂಸ್ಥಾನದ ಪ್ರಾಕ್ತನ ಇಲಾಖೆಯ ಹೊಣೆಯನ್ನೂ ಅವರು ಹೊತ್ತರು. ನಿವೃತ್ತರಾದ ಮೇಲೆ ವೇದಕಾಲದ ಪಂಚಾಂಗ, ಗ್ರಹಣಗಳ ಗಣಿತ ಮೊದಲಾದ ಕಠಿಣ ವಿಷಯಗಳಲ್ಲಿ ಮುಳುಗಿದರು. ಆ ಗ್ರಂಥಗಳನ್ನು ಓದುವವರು ಈಗ ವಿರಳ.

ಶಾಮಶಾಸ್ತ್ರಿಗಳು 1944ರಲ್ಲಿ ನಿಧನರಾದರು. ಅವರು ದುಡಿದ ಪುಸ್ತಕ ಭಂಡಾರ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿ ಪ್ರಾಚ್ಯವಿದ್ಯಾ ಸಂಶೋಧನಾಲಯವೆಂಬ ಹೆಸರನ್ನು ಪಡೆದಿದೆ. ಆ ಓಲೆಗಳು ಇಂದಿಗೂ ಅಲ್ಲಿವೆ. ಅವುಗಳನ್ನು ತಂದೊಪ್ಪಿಸಿದವರ ವಿಷಯವನ್ನು ಶಾಮಶಾಸ್ತ್ರಿಗಳು ತಮ್ಮ ಮುನ್ನುಡಿಯಲ್ಲಿ ಮರೆಯದೆ ದಾಖಲಿಸಿದ್ದಾರೆ. ಅಲ್ಲಿ ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರೆಂದು ಇದೆ, ಹೆಸರಿಲ್ಲ.