ಬಟ್ಟೆಯಂಗಡಿಯ ಇಮಾಮರು

ದುಡಿಮೆಯಲ್ಲಿ ಸಂತೋಷ ಪಡೆಯಲು ಸಾಧ್ಯವೇ? ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಸರ್ ನಮಾಝಿನ ಬಳಿಕ ಮಸೀದಿಯ ಜಗಲಿಯಲ್ಲಿ ಕುಳಿತು ಈ ಪ್ರಶ್ನೆ ಕೇಳಿದ. ಅವನು ಬಟ್ಟೆಯಂಗಡಿಯೊಂದರಲ್ಲಿ ಮಾರಾಟದ ಕೆಲಸಕ್ಕಿದ್ದಾನೆ. ಸಂಬಳ ಕಡಿಮೆಯೇನಲ್ಲ, ಮಾಲಕರೂ ಕೆಟ್ಟವರಲ್ಲ. ಆದರೂ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವಾಗಲೇ ಮನಸ್ಸು ಭಾರವಾಗುತ್ತದೆ, ರಾತ್ರಿ ಬಾಗಿಲು ಹಾಕಿದ ಮೇಲೆಯೇ ಹಗುರವಾಗುತ್ತದೆ ಎಂದ. ಮದ್ರಸಾದಲ್ಲಿ ಪಾಠ ಹೇಳುವ ನಿಮ್ಮ ಕೆಲಸದಲ್ಲಾದರೆ ಪುಣ್ಯವಿದೆ, ಸೀರೆ ಬಿಡಿಸಿ ಮಡಚುವ ನನ್ನ ಕೆಲಸದಲ್ಲಿ ಏನಿದೆ ಎಂಬುದು ಅವನ ಅಳಲು. ಆಗ ನನಗೆ ನೆನಪಾದವರು ಹನ್ನೆರಡೂವರೆ ಶತಮಾನಗಳ ಹಿಂದೆ ಇಂತಹದೇ ಅಂಗಡಿಯಲ್ಲಿ ಕುಳಿತು ಬಟ್ಟೆ ಮಾರಿದ ಇಮಾಮ್ ಅಬೂ ಹನೀಫಾ(ರ).

ಅವರ ಹೆಸರು ನುಅ್‌ಮಾನ್ ಬಿನ್ ಸಾಬಿತ್. ಹಿಜರಿ 80ರಲ್ಲಿ, ಅಂದರೆ ಕ್ರಿ.ಶ. 699ರಲ್ಲಿ, ಇರಾಕಿನ ಕೂಫಾ ನಗರದಲ್ಲಿ ಹುಟ್ಟಿದರು. ಪರ್ಶಿಯನ್ ಮೂಲದ ಕುಟುಂಬ. ಮನೆತನದ ವೃತ್ತಿ ವ್ಯಾಪಾರ. ಉಣ್ಣೆ ಮತ್ತು ರೇಷ್ಮೆ ಬೆರೆಸಿ ನೇಯ್ದ ಖಝ್ಝ್ ಎಂಬ ಬೆಲೆಬಾಳುವ ಬಟ್ಟೆಯನ್ನು ಅವರು ಮಾರುತ್ತಿದ್ದರು. ಕೂಫಾದಲ್ಲಿ ಅಮ್ರ್ ಬಿನ್ ಹುರೈಸ್‌ರ ಮನೆ ಎಂದು ಹೆಸರಾದ ಕಟ್ಟಡದಲ್ಲಿ ಅವರ ಅಂಗಡಿಯಿತ್ತು. ಯೌವನದಲ್ಲಿ ಅವರ ಓಡಾಟವೆಲ್ಲ ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ.

ಒಂದು ದಿನ ಹೀಗೆ ಪೇಟೆಗೆ ಹೋಗುತ್ತಿದ್ದಾಗ ಹೆಸರಾಂತ ವಿದ್ವಾಂಸ ಶಅಬೀ(ರ) ಅವರನ್ನು ಕರೆದು, ಯಾರ ಬಳಿಗೆ ಹೋಗಿ ಬರುತ್ತಿರುವೆ ಎಂದು ವಿಚಾರಿಸಿದರು. ಪೇಟೆಗೆ ಎಂಬ ಉತ್ತರ ಬಂತು. ತಾನು ಕೇಳಿದ್ದು ಯಾವ ವಿದ್ವಾಂಸರ ಬಳಿಗೆ ಎಂದು ಅವರು ಹೇಳಿದಾಗ ಯುವಕನ ಬಳಿ ಉತ್ತರವಿರಲಿಲ್ಲ. ನಿನ್ನಲ್ಲಿ ಚುರುಕು ಬುದ್ಧಿ ಕಾಣುತ್ತಿದೆ, ಅದನ್ನು ಜ್ಞಾನಕ್ಕೆ ತೊಡಗಿಸು ಎಂದು ಶಅಬೀ(ರ) ಬುದ್ಧಿ ಹೇಳಿದರು. ಆ ಮಾತು ಎದೆಗೆ ನಾಟಿತು. ಮುಂದೆ ಅವರು ಕರ್ಮಶಾಸ್ತ್ರದಲ್ಲಿ ಹಮ್ಮಾದ್ ಬಿನ್ ಅಬೂ ಸುಲೈಮಾನ್(ರ)ರ ಶಿಷ್ಯರಾದರು. ಹಿಜರಿ 120ರಲ್ಲಿ ಗುರುಗಳು ತೀರಿಕೊಳ್ಳುವವರೆಗೆ, ಸುಮಾರು 18 ವರ್ಷ ಕಾಲ ಅವರ ಪಾಠವನ್ನು ಬಿಡಲಿಲ್ಲ. ಬಳಿಕ ಆ ಪೀಠದಲ್ಲಿ ತಾವೇ ಕುಳಿತು ಪಾಠ ಹೇಳಿದರು.

ಇಷ್ಟಾದರೂ ಅವರು ಅಂಗಡಿಯನ್ನು ಮುಚ್ಚಲಿಲ್ಲ. ಜ್ಞಾನದ ದಾರಿ ಹಿಡಿದವನಿಗೆ ಪೇಟೆಯ ಕೆಲಸ ತಕ್ಕುದಲ್ಲ ಎಂದು ಅವರು ಭಾವಿಸಲಿಲ್ಲ. ಹಾಗೆ ಭಾವಿಸಲು ಕಾರಣವೂ ಇರಲಿಲ್ಲ. ಪ್ರವಾದಿ ದಾವೂದ್(ಅ) ಕಬ್ಬಿಣದ ಕವಚ ಮಾಡಿದವರು, ಪ್ರವಾದಿ ಝಕರಿಯ್ಯಾ(ಅ) ಬಡಗಿ, ನಮ್ಮ ಪ್ರವಾದಿ(ಸ) ಕುರಿ ಕಾದವರು, ವ್ಯಾಪಾರ ಮಾಡಿದವರು.

ಅಂಗಡಿಯಲ್ಲಿ ಅವರು ಹೇಗಿದ್ದರು ಎಂಬುದಕ್ಕೆ ಅವರ ಚರಿತ್ರೆ ಬರೆದವರು ಹಲವು ಘಟನೆಗಳನ್ನು ಕೊಟ್ಟಿದ್ದಾರೆ. ಒಮ್ಮೆ ಹೆಂಗಸೊಬ್ಬಳು ರೇಷ್ಮೆಯ ಉಡುಪೊಂದನ್ನು ಮಾರಲು ತಂದು ನೂರು ಕೇಳಿದಳು. ಇದರ ಬೆಲೆ ಅದಕ್ಕಿಂತ ಹೆಚ್ಚು ಎಂದರು ಇಮಾಮರು. ಆಕೆ ಇನ್ನೊಂದು ನೂರು ಸೇರಿಸಿದಳು. ಅವರು ಮತ್ತೆ ಅದನ್ನೇ ಹೇಳಿದರು. ಹೀಗೆ ನಾನೂರಕ್ಕೆ ಬಂದಾಗಲೂ ಇನ್ನೂ ಹೆಚ್ಚು ಎಂದಾಗ ಆಕೆಗೆ ತಮಾಷೆ ಮಾಡುತ್ತಿದ್ದಾರೆಂಬ ಸಂಶಯ ಬಂತು. ಬೆಲೆ ಬಲ್ಲ ಬೇರೊಬ್ಬರನ್ನು ಕರೆಸಿ, ಅವರ ಎದುರಲ್ಲೇ ಐನೂರಕ್ಕೆ ಅದನ್ನು ಕೊಂಡುಕೊಂಡರು. ವ್ಯಾಪಾರದ ಜಾಣ್ಮೆಯನ್ನು ಅವರು ಬಡವಳ ಅಜ್ಞಾನದ ಮೇಲೆ ಪ್ರಯೋಗಿಸಲಿಲ್ಲ.

ಇನ್ನೊಮ್ಮೆ ಮುದುಕಿಯೊಬ್ಬಳು ಬಂದು, ತಾನು ಕೈಲಾಗದವಳು, ಅಸಲಿಗೇ ಒಂದು ಬಟ್ಟೆ ಕೊಡಿ ಎಂದು ಬೇಡಿದಳು. ನಾಲ್ಕು ದಿರ್ಹಮಿಗೆ ಒಯ್ಯಿ ಎಂದರು. ಮುದುಕಿಯನ್ನು ಗೇಲಿ ಮಾಡಬೇಡಿ ಎಂದು ಆಕೆ ನೊಂದುಕೊಂಡಳು. ಆಗ ಅವರು ಲೆಕ್ಕ ಬಿಡಿಸಿ ಹೇಳಿದರು. ತಾವು ಕೊಂಡದ್ದು ಎರಡು ಬಟ್ಟೆ. ಒಂದನ್ನು ಮಾರಿದಾಗಲೇ ಎರಡರ ಬಂಡವಾಳದಲ್ಲಿ ನಾಲ್ಕು ದಿರ್ಹಮ್ ಬಿಟ್ಟು ಉಳಿದೆಲ್ಲ ಕೈಸೇರಿದೆ. ಆದ್ದರಿಂದ ಇದರ ಅಸಲು ನಾಲ್ಕೇ ದಿರ್ಹಮ್. ಲೆಕ್ಕವೂ ಸುಳ್ಳಾಗಲಿಲ್ಲ, ಮುದುಕಿಯ ಆಸೆಯೂ ಈಡೇರಿತು. ತನ್ನ ಕೆಲಸವನ್ನು ಪ್ರೀತಿಸದವನಿಗೆ ಇಂತಹ ಲೆಕ್ಕ ಹೊಳೆಯುವುದುಂಟೇ?

ಆದರೆ ಈ ಸಂತೋಷ ಅವರಿಗೆ ಬಿಟ್ಟಿಯಾಗಿ ದೊರೆತದ್ದಲ್ಲ. ಹಫ್ಸ್ ಬಿನ್ ಅಬ್ದುರ್‍ರಹ್ಮಾನ್ ಅವರ ವ್ಯಾಪಾರದ ಪಾಲುದಾರ. ಒಮ್ಮೆ ಅವನಿಗೆ ಸರಕು ಕಳಿಸುವಾಗ, ಇದರಲ್ಲಿ ಇಂತಹ ಬಟ್ಟೆಯಲ್ಲಿ ದೋಷವಿದೆ, ಮಾರುವಾಗ ಗಿರಾಕಿಗೆ ತಿಳಿಸು ಎಂದು ಹೇಳಿ ಕಳಿಸಿದ್ದರು. ಹಫ್ಸ್ ಮರೆತ. ಎಲ್ಲವನ್ನೂ ಮಾರಿ ಹಣ ತಂದ. ದೋಷದ ಬಟ್ಟೆಯನ್ನು ಕೊಂಡವರು ಯಾರೆಂದೂ ಅವನಿಗೆ ನೆನಪಿರಲಿಲ್ಲ. ಇಮಾಮರು ಆ ಸರಕಿನಿಂದ ಬಂದ ಹಣವನ್ನು ಪೂರ್ತಿಯಾಗಿ ದಾನ ಮಾಡಿಬಿಟ್ಟರು. ಒಂದು ಬಟ್ಟೆಯ ಹಣವನ್ನು ಮಾತ್ರ ಕೊಟ್ಟರೆ ಸಾಲದಿತ್ತೇ ಎಂದು ನಾವು ಕೇಳಬಹುದು. ಆದರೆ ಬೆರೆತುಹೋದ ಹಣವನ್ನು ಮನೆಗೊಯ್ದು ನೆಮ್ಮದಿಯಿಂದ ಉಣ್ಣಲು ಅವರಿಗಾಗುತ್ತಿರಲಿಲ್ಲ. ನಷ್ಟವನ್ನು ಸಹಿಸಿದರು, ಮನಸ್ಸಿನ ಕಲೆಯನ್ನು ಸಹಿಸಲಿಲ್ಲ.

ಲಾಭ ಎಲ್ಲಿಗೆ ಹೋಗುತ್ತಿತ್ತು? ಅದರಿಂದ ಅವರು ವಿದ್ವಾಂಸರಿಗೂ ಶಿಷ್ಯರಿಗೂ ಉಡುಪು, ಆಹಾರಗಳನ್ನು ಒದಗಿಸುತ್ತಿದ್ದರು. ಕೃತಜ್ಞತೆ ಹೇಳಬೇಕಾದ್ದು ಅಲ್ಲಾಹನಿಗೆ, ಇದು ಅವನ ಅನುಗ್ರಹ, ತನ್ನ ಕೈಯಿಂದ ಹಾದುಹೋಯಿತಷ್ಟೆ ಎನ್ನುತ್ತಿದ್ದರು. ಕೂಫಾದ ಬಡ ಕುಟುಂಬದ ಹುಡುಗ ಅಬೂ ಯೂಸುಫ್‌ನನ್ನು ಮನೆಯವರು ಪಾಠ ಬಿಡಿಸಿ ದುಡಿಮೆಗೆ ಹಚ್ಚಲು ನೋಡಿದಾಗ, ಅವನ ಮನೆಯ ಖರ್ಚನ್ನು ಇಮಾಮರೇ ವಹಿಸಿಕೊಂಡರು. ಅಂಗಡಿ ಪಾಠಶಾಲೆಯನ್ನು ಸಾಕಿತು. ಪಾಠಶಾಲೆಯಲ್ಲಿ ಕಲಿತದ್ದು ಅಂಗಡಿಯ ತಕ್ಕಡಿಯನ್ನು ನೇರವಾಗಿರಿಸಿತು. ಬದುಕಲು ಯಾವ ಅರಸನ ಮುಂದೆಯೂ ಕೈಚಾಚಬೇಕಾಗದ ಕಾರಣ ಅವರು ಕೊಡುವ ತೀರ್ಪು ಯಾರ ಹಂಗಿಗೂ ಒಳಗಾಗಲಿಲ್ಲ.

ಅವರ ದುಡಿಮೆಯ ನಿಜವಾದ ಪರೀಕ್ಷೆ ಬಂದದ್ದು ದೊಡ್ಡ ಹುದ್ದೆಯ ರೂಪದಲ್ಲಿ. ಉಮವಿಯ್ಯಾ ಆಡಳಿತದ ಕೊನೆಗಾಲದಲ್ಲಿ ಇರಾಕಿನ ರಾಜ್ಯಪಾಲನಾಗಿದ್ದ ಇಬ್ನು ಹುಬೈರ ಅವರಿಗೆ ಸರಕಾರಿ ಹುದ್ದೆ ಕೊಡಲು ಬಂದ. ಅವರು ಒಪ್ಪಲಿಲ್ಲ. ಆತ ಹಲವು ದಿನ ಅವರಿಗೆ ಚಾಟಿಯೇಟು ಹೊಡೆಸಿದ. ತಪ್ಪಿಸಿಕೊಂಡು ಮಕ್ಕಾಕ್ಕೆ ಹೋದವರು, ಹಿಜರಿ 132ರಲ್ಲಿ ಅಬ್ಬಾಸಿಯರು ಅಧಿಕಾರಕ್ಕೆ ಬಂದ ಮೇಲೆಯೇ ಕೂಫಾಕ್ಕೆ ಬಂದು ನೆಲೆಸಿದರು.

ಬಳಿಕ ಖಲೀಫಾ ಮನ್ಸೂರ್ ಅವರನ್ನು ಬಗ್ದಾದಿಗೆ ಕರೆಸಿ ಖಾಝಿ ಹುದ್ದೆಯನ್ನು ಮುಂದಿಟ್ಟ. ತಾನು ಆ ಸ್ಥಾನಕ್ಕೆ ಯೋಗ್ಯನಲ್ಲ ಎಂದರು ಇಮಾಮರು. ನೀವು ಸುಳ್ಳು ಹೇಳುತ್ತಿದ್ದೀರಿ ಎಂದ ಖಲೀಫಾ. ಹಾಗಾದರೆ ಸುಳ್ಳುಗಾರನನ್ನು ಖಾಝಿಯಾಗಿ ನೇಮಿಸುವುದು ಸರಿಯೇ ಎಂಬುದು ಅವರ ಉತ್ತರವಾಗಿತ್ತು. ಅರಮನೆಯ ಇಚ್ಛೆಗೆ ತಕ್ಕಂತೆ ತೀರ್ಪು ಕೊಡಬೇಕಾಗುವ ಪೀಠ ಎಷ್ಟು ಎತ್ತರವಾಗಿದ್ದರೂ ಅಲ್ಲಿ ತನ್ನ ಆತ್ಮಕ್ಕೆ ಸುಖವಿಲ್ಲ ಎಂದು ಅವರು ಅರಿತಿದ್ದರು.

ಇಲ್ಲಿ ಇತಿಹಾಸಕಾರ ತಬರಿ ದಾಖಲಿಸಿದ ಒಂದು ವರದಿ ಗಮನಾರ್ಹವಾಗಿದೆ. ಹಿಜರಿ 145ರಲ್ಲಿ, ಅಂದರೆ ಕ್ರಿ.ಶ. 762ರಲ್ಲಿ, ಬಗ್ದಾದ್ ನಗರದ ನಿರ್ಮಾಣ ಆರಂಭವಾಗಿತ್ತು. ತನ್ನ ಕೆಲಸವೊಂದನ್ನು ಇವರು ಮಾಡಲೇಬೇಕೆಂದು ಆಣೆಯಿಟ್ಟಿದ್ದ ಮನ್ಸೂರ್, ಇಟ್ಟಿಗೆಗಳ ಮೇಲ್ವಿಚಾರಣೆಯನ್ನು ಅವರಿಗೆ ವಹಿಸಿದ. ಖಾಝಿ ಪೀಠವನ್ನು ಬೇಡವೆಂದ ಮಹಾ ವಿದ್ವಾಂಸರು ಇಟ್ಟಿಗೆ ಎಣಿಸುವುದನ್ನು ಬೇಡವೆನ್ನಲಿಲ್ಲ. ಅಷ್ಟೇ ಅಲ್ಲ, ಒಂದೊಂದಾಗಿ ಎಣಿಸುವ ಬದಲು ರಾಶಿಯನ್ನು ಕೋಲಿನಿಂದ ಅಳೆದು ಲೆಕ್ಕ ಹಾಕುವ ಸುಲಭ ವಿಧಾನವನ್ನು ಅಲ್ಲಿ ಬಳಕೆಗೆ ತಂದರು. ಇಟ್ಟಿಗೆಯ ಲೆಕ್ಕದಲ್ಲಿ ಅನ್ಯಾಯವಿರಲಿಲ್ಲ. ಆದ್ದರಿಂದ ಅದಕ್ಕೆ ತಮ್ಮ ಬುದ್ಧಿಯನ್ನು ಕೊಡಲು ಅವರು ಹಿಂಜರಿಯಲಿಲ್ಲ.

ಹಾಗೆಂದು ಖಾಝಿ ಹುದ್ದೆಯೇ ಕೆಟ್ಟದ್ದೇ? ಅಲ್ಲ. ಅವರು ಸಾಕಿ ಬೆಳೆಸಿದ ಅದೇ ಅಬೂ ಯೂಸುಫ್(ರ) ಮುಂದೆ ಹಾರೂನ್ ರಶೀದರ ಕಾಲದಲ್ಲಿ ಮುಖ್ಯ ಖಾಝಿ ಎಂಬ ಬಿರುದು ಪಡೆದ ಮೊದಲಿಗರಾದರು. ಗುರು ಬಿಟ್ಟದ್ದನ್ನು ಶಿಷ್ಯ ವಹಿಸಿಕೊಂಡರು. ಇಬ್ಬರನ್ನೂ ಸಮುದಾಯ ಗೌರವದಿಂದ ನೆನೆಯುತ್ತದೆ. ಕೆಲಸ ಯಾವುದು ಎಂಬುದರ ಜೊತೆಗೆ, ಆ ಕೆಲಸದಲ್ಲಿ ತಾನು ತಾನಾಗಿ ಉಳಿಯಲು ಸಾಧ್ಯವೇ ಎಂಬುದನ್ನು ಪ್ರತಿಯೊಬ್ಬನೂ ತನ್ನ ಮಟ್ಟಿಗೆ ನೋಡಿಕೊಳ್ಳಬೇಕಾಗುತ್ತದೆ.

ಖಲೀಫಾ ಅವರನ್ನು ಸೆರೆಗೆ ತಳ್ಳಿದ. ಹಿಜರಿ 150ರಲ್ಲಿ, ಕ್ರಿ.ಶ. 767ರಲ್ಲಿ, ಅವರು ಬಗ್ದಾದಿನಲ್ಲಿ ನಿಧನರಾದರು. ಸೆರೆಯಲ್ಲಿಯೇ ತೀರಿಕೊಂಡರೆಂಬುದು ಹೆಚ್ಚಿನ ಚರಿತ್ರೆಕಾರರ ಅಭಿಪ್ರಾಯ. ಯಾರಿಂದಲೂ ಕಿತ್ತುಕೊಂಡದ್ದಲ್ಲದ ನೆಲದಲ್ಲಿ ತನ್ನನ್ನು ದಫನ ಮಾಡಬೇಕೆಂದು ಅವರು ಹೇಳಿದ್ದರು. ಅದರಂತೆ ಖೈಝುರಾನ್ ದಫನ ಭೂಮಿಯಲ್ಲಿ ಮಣ್ಣು ಮಾಡಲಾಯಿತು. ಆ ಪ್ರದೇಶ ಇಂದು ಅವರ ಗೌರವಾರ್ಥವಾಗಿಯೇ ಅಅ್‌ಝಮಿಯ್ಯಾ ಎಂದು ಕರೆಯಲ್ಪಡುತ್ತದೆ. ಅಂಗಡಿಯ ಹಣದಲ್ಲಿ ಹಲಾಲನ್ನು ಹುಡುಕಿದವರು ಕೊನೆಯ ಆರು ಮೊಳ ನೆಲದಲ್ಲಿಯೂ ಅದನ್ನೇ ಹುಡುಕಿದರು.

ಇಷ್ಟನ್ನೂ ನಾನು ಆ ಸಂಜೆ ನನ್ನ ವಿದ್ಯಾರ್ಥಿಗೆ ಹೇಳಿದೆ. ಬಳಿಕ, ದಿನದ ಯಾವ ಹೊತ್ತಿನಲ್ಲಿ ನಿನ್ನ ಮನಸ್ಸು ಹೆಚ್ಚು ಭಾರವಾಗುತ್ತದೆ ಎಂದು ಕೇಳಿದೆ. ಅವನು ಬಹಳ ಹೊತ್ತು ತಲೆ ತಗ್ಗಿಸಿ ಕುಳಿತ. ಮಡಿಕೆಯಲ್ಲಿ ಬಣ್ಣ ಮಾಸಿದ ಸೀರೆಯನ್ನು ಹಳ್ಳಿಯಿಂದ ಬಂದ ಹೆಂಗಸರಿಗೆ ಹೊಸದೆಂದು ಹೇಳಿ ಕೊಡುವಾಗ ಎಂದ. ಹಾಗೆ ಕೊಡಲು ಯಾರೂ ಅವನಿಗೆ ಹೇಳಿರಲಿಲ್ಲ. ಹೆಚ್ಚು ಮಾರಿದರೆ ಸಿಗುವ ಸಣ್ಣ ಮೊತ್ತದ ಆಸೆಗೆ ಅವನೇ ಕಂಡುಕೊಂಡ ದಾರಿ ಅದು.

ಕೆಲಸದಲ್ಲಿ ಸಂತೋಷವಿಲ್ಲವೆಂದು ಕೊರಗುವ ನಾವು ಮೊದಲು ನೋಡಬೇಕಾದ್ದು ಇಂತಹ ಮಡಿಕೆಗಳನ್ನು. ದೇಹದ ದಣಿವು ಒಂದು ರಾತ್ರಿಯ ನಿದ್ದೆಗೆ ಕಳೆಯುತ್ತದೆ, ಮನಸ್ಸಾಕ್ಷಿಯ ದಣಿವು ಕಳೆಯುವುದಿಲ್ಲ. ಮದ್ರಸಾದ ಅಧ್ಯಾಪಕನಾದ ನನಗೂ ಈ ಮಾತು ಅನ್ವಯಿಸುತ್ತದೆ. ಸಿದ್ಧತೆಯಿಲ್ಲದೆ ತರಗತಿಗೆ ಹೋದ ದಿನ ನನಗೂ ಗಂಟೆ ನಿಧಾನವಾಗಿಯೇ ಓಡುತ್ತದೆ.

ಮಗ್ರಿಬ್‌ನ ಬಾಂಗ್ ಕೇಳಿಸಿತು. ವುಝೂ ಮಾಡಲು ಏಳುತ್ತಾ ಅವನು, ಹಫ್ಸ್‌ನ ಕತೆಯನ್ನು ಇನ್ನೊಮ್ಮೆ ಹೇಳುವಿರಾ ಎಂದು ಕೇಳಿದ. ನಮಾಝಿನ ಬಳಿಕ ಹೇಳಿದೆ. ಅಲ್ಲಾಹನು ನಮ್ಮೆಲ್ಲರ ದುಡಿಮೆಯನ್ನು ಶುದ್ಧಗೊಳಿಸಲಿ, ಅದರಲ್ಲಿ ಬರಕತ್ತನ್ನೂ ನೆಮ್ಮದಿಯನ್ನೂ ದಯಪಾಲಿಸಲಿ. ಆಮೀನ್.